ಸೀಡರ್ ಹಲಗೆ ಬೂದಾಯಿತು, ದೇವದಾರು ಬಾಗಿಲು ಹಿಡಿಯುತ್ತಿದೆ: ಏನು ಮಾಡಲಿ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ದಾವಣಗೆರೆಯ ವಿದ್ಯಾನಗರದಲ್ಲಿ ಮನೆ ಕಟ್ಟಿಸಿ ಮೂರು ವರ್ಷವಾಯಿತು. ಪೋರ್ಟಿಕೋ ಒಳಗಿರುವ ಮುಂಬಾಗಿಲು ದೇವದಾರಿನದು. ಪಶ್ಚಿಮಕ್ಕಿರುವ ಮುಂಗೋಡೆಗೆ ಎಲಿವೇಶನ್ ಚೆನ್ನಾಗಿ ಕಾಣಲಿ ಅಂತ ಮಗ ‘ಕೆನಡಾ ಸೀಡರ್’ ಹಲಗೆ ಹೊಡೆಸಿದ್ದಾನೆ. ಆ ಹಲಗೆ ಈಗ ಬೂದು ಬಣ್ಣಕ್ಕೆ ತಿರುಗಿದೆ, ಮೊಳೆಗಳ ಬುಡದಿಂದ ಕಪ್ಪು ಗೆರೆ ಇಳಿದಿವೆ, ಕೆಳಗಿನ ಬಿಳಿ ಗೋಡೆಯ ಮೇಲೆ ಕಂದು ಕಲೆ. ಬಾಗಿಲು ಮಳೆಗಾಲದಲ್ಲಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಅದರ ಗಂಟುಗಳಿಂದ ಅಂಟು ಜಿನುಗುತ್ತದೆ. ಪೇಂಟರ್ ‘ಎಲ್ಲದಕ್ಕೂ ಪಿ.ಯು. (ಪಾಲಿಯುರೆಥೇನ್ ಪಾಲಿಶ್) ಹೊಡೆದುಬಿಡೋಣ’ ಅನ್ನುತ್ತಾನೆ. ಪಕ್ಕದ ಮನೆಯವರು ಹಳೆ ಎಂಜಿನ್ ಆಯಿಲ್ ಬಳಿಯಿರಿ ಅಂದರು. ಇನ್ನೊಂದು ವಿಷಯ: ಸೈನ್ಯದಲ್ಲಿದ್ದ ನನ್ನ ತಮ್ಮ ಹಿಮಾಚಲದಿಂದ ತಂದುಕೊಟ್ಟ ದೇವದಾರು ಪೆಟ್ಟಿಗೆಯಲ್ಲಿ ಮೊಳಕಾಲ್ಮೂರು ಸೀರೆಗಳನ್ನೂ ಚಳ್ಳಕೆರೆ ಕಂಬಳಿಯನ್ನೂ ಇಟ್ಟಿದ್ದೇನೆ. ಒಳಗೂ ಹೊರಗೂ ವಾರ್ನಿಷ್ ಮಾಡಿಸಿದ ಮೇಲೆ ಮುಚ್ಚಳ ಅಂಟಂಟಾಗಿದೆ, ಪರಿಮಳ ಹೋಗಿದೆ, ಒಂದು ಸೀರೆಗೆ ಹಳದಿ ಕಲೆಯೂ ಬಿದ್ದಿದೆ. ಯಾವುದನ್ನು ಹೇಗೆ ನೋಡಿಕೊಳ್ಳಬೇಕು?

ಉತ್ತರ: ಮೇಡಂ, ಪೇಂಟರ್‌ಗೆ ಅಡ್ವಾನ್ಸ್ ಕೊಟ್ಟಿದ್ದರೆ ಒಳಗಿನ ಗೋಡೆಗೆ ಸುಣ್ಣ-ಬಣ್ಣ ಮಾಡಿಸಿಕೊಳ್ಳಿ. ಹೊರಗಿನ ಹಲಗೆಗೆ ಪಿ.ಯು. ಬೇಡ. ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಹೊಲದ ಬೇಲಿ ಗೂಟಕ್ಕೆ ಜನ ಅದನ್ನು ಬಳಿಯುವುದು ನಿಜ. ಆದರೆ ಓಡಿದ ಎಂಜಿನ್ ಆಯಿಲ್‌ನಲ್ಲಿ ಲೋಹದ ಕಣ, ಮಸಿ, ಚರ್ಮಕ್ಕೂ ಉಸಿರಿಗೂ ಕೆಡುಕು ಮಾಡುವ ಪದಾರ್ಥಗಳು ಇರುತ್ತವೆ. ಒಮ್ಮೆ ಬಳಿದ ಹಲಗೆಯ ಮೇಲೆ ಮುಂದೆ ಯಾವ ಪಾಲಿಶೂ ಕೂರುವುದಿಲ್ಲ. ಮನೆಯ ಮುಂಗೋಡೆ ಗ್ಯಾರೇಜಿನ ವಾಸನೆ ಹೊಡೆಯಬೇಕೆಂದು ನೀವೇನೂ ಬಯಸಿರಲಾರಿರಿ.

ನೀವು ಬರೆದದ್ದನ್ನು ನೋಡಿದರೆ ಮರಕ್ಕೆ ಆರೈಕೆ ಕಡಿಮೆಯಾದಂತೆ ಕಾಣುವುದಿಲ್ಲ. ನೀರು ನಿಲ್ಲಬಾರದ ಕಡೆ ನಿಂತಿದೆ, ಕಬ್ಬಿಣ ತಾಗಬಾರದ ಕಡೆ ತಾಗಿದೆ, ಪಾಲಿಶ್ ಬೀಳಬಾರದ ಕಡೆ ಬಿದ್ದಿದೆ. ಈ ಮೂರನ್ನು ಸರಿಮಾಡಿದರೆ ಸೀಡರ್ ಜಾತಿಯ ಮರಗಳು ಹೆಚ್ಚೇನೂ ಕೇಳುವುದಿಲ್ಲ.

ಮೊದಲು ಯಾವುದು ಯಾವ ಮರ ಎಂದು ಖಾತ್ರಿ ಮಾಡಿಕೊಳ್ಳಿ. ದೇವದಾರು ಪಶ್ಚಿಮ ಹಿಮಾಲಯದ್ದು, ಸಮುದ್ರಮಟ್ಟದಿಂದ ಸುಮಾರು 1500ರಿಂದ 3000 ಮೀಟರ್ ಎತ್ತರದಲ್ಲಿ ಬೆಳೆಯುವಂಥದ್ದು, ಹಿಮಾಚಲದ ರಾಜ್ಯ ವೃಕ್ಷ. ಸಸ್ಯಶಾಸ್ತ್ರಜ್ಞರು ಅಸಲಿ ಸೀಡರ್ ಅನ್ನುವುದು ಇದರ ಕುಲಕ್ಕೆ. ನಿಮ್ಮ ‘ಕೆನಡಾ ಸೀಡರ್’ ಬಹುಶಃ ವೆಸ್ಟರ್ನ್ ರೆಡ್ ಸೀಡರ್. ಅದು ಥೂಜಾ ಕುಲದ್ದು, ಗುಣವೂ ಬೇರೆ. ಇವೆರಡರ ಜೊತೆಗೆ ನಮ್ಮ ಕಡೆಯ ಟಿಂಬರ್ ಡಿಪೋಗಳಲ್ಲಿ ‘ರೆಡ್ ಸೀಡರ್’ ಎಂಬ ಹೆಸರಿನಲ್ಲೇ ಕೆಲವೊಮ್ಮೆ ಮಲೆನಾಡಿನ ಗಂಧಗರಿಗೆ, ಅಂದರೆ ತೂನ್ ಮರವೂ ಬರುತ್ತದೆ. ಅದು ಬೇವಿನ ಬಳಗದ್ದು.

ಗುರುತಿಸುವುದು ಕಷ್ಟವಲ್ಲ. ಕೆಲಸ ಮುಗಿದಾಗ ಉಳಿದ ತುಂಡುಗಳು ಟೆರೇಸಿನ ಮೇಲೋ ಮೆಟ್ಟಿಲ ಕೆಳಗೋ ಬಿದ್ದಿರುತ್ತವೆ, ಒಂದೊಂದು ತಂದುಕೊಳ್ಳಿ. ಅಡ್ಡ ಕೊಯ್ದ ತುದಿಯನ್ನು ಹೊಸ ಬ್ಲೇಡಿನಿಂದ ನಯವಾಗಿ ಸವರಿ, ಸ್ವಲ್ಪ ನೀರು ಹಚ್ಚಿ, ಭೂತಗನ್ನಡಿ ಹಿಡಿದು ನೋಡಿ. ಸೂಜಿ ಚುಚ್ಚಿದಂಥ ಸಣ್ಣ ತೂತುಗಳು ಉಂಗುರದ ಸಾಲಿನಲ್ಲಿ ಕಂಡರೆ ಅದು ಗಂಧಗರಿಗೆ. ತೂತೇ ಇಲ್ಲದೆ ಬರೀ ವರ್ಷದ ಉಂಗುರಗಳು ಕಂಡರೆ ಸೂಜಿ ಎಲೆಯ ಜಾತಿ, ಅಂದರೆ ದೇವದಾರು, ಕೆನಡಾ ಸೀಡರ್ ಅಥವಾ ಪೈನ್. ಇನ್ನು ತೂಕ: ಒಣಗಿದ ದೇವದಾರು ಘನ ಅಡಿಗೆ ಸುಮಾರು 16 ಕಿಲೋ, ಕೆನಡಾ ಸೀಡರ್ ಹತ್ತೂವರೆ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ಕೆನಡಾದ್ದಕ್ಕೆ ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳುತ್ತದೆ, ಬಣ್ಣ ಕೆಂಪು-ಕಂದು. ದೇವದಾರು ಹಳದಿ-ಕಂದು, ಮುಟ್ಟಿದರೆ ತುಸು ಜಿಡ್ಡು, ವಾಸನೆ ಗಾಢ. ಅನುಮಾನ ಉಳಿದರೆ ಬೆಂಗಳೂರಿನ ಮಲ್ಲೇಶ್ವರಂ 18ನೇ ಕ್ರಾಸಿನಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಶುಲ್ಕ ತೆಗೆದುಕೊಂಡು ಮರದ ಜಾತಿ ಗುರುತಿಸಿಕೊಡುತ್ತಾರೆ. ಲಕ್ಷಗಟ್ಟಲೆ ಕೊಟ್ಟು ಮರ ಕೊಳ್ಳುವವರು ಹಣ ಕೊಡುವ ಮೊದಲೇ ಈ ಕೆಲಸ ಮಾಡಿಸಬೇಕು, ಆದರೆ ಯಾರೂ ಮಾಡಿಸುವುದಿಲ್ಲ.

ಈ ಮರಗಳಿಗೆ ಹುಳ ಬೀಳುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ ಎಂಬ ಮಾತಿದೆಯಲ್ಲ, ಅದು ಚೇಗಿಗೆ, ಅಂದರೆ ಕಾಂಡದ ನಡುವಿನ ಬಲಿತ ಮರಕ್ಕೆ ಮಾತ್ರ ಸಲ್ಲುತ್ತದೆ. ಕಾಂಡದ ಹೊರಸುತ್ತಿನ ಬಿಳಿ ಭಾಗಕ್ಕೆ ಹುಳವನ್ನು ತಡೆಯುವ, ಚೇಗಿನಲ್ಲಿರುವ ಎಣ್ಣೆ ಅಂಶವಿಲ್ಲ, ಅದನ್ನು ಗೆದ್ದಲು ಬೇರೆ ಮರವನ್ನು ತಿಂದಷ್ಟೇ ಖುಷಿಯಿಂದ ತಿನ್ನುತ್ತದೆ. ನಿಮ್ಮ ಹಲಗೆಗಳಲ್ಲಿ ಬಿಳಿ ಅಂಚು ಇರುವವು ಎಷ್ಟು, ಅವು ನೆಲಕ್ಕೆ ಎಷ್ಟು ಹತ್ತಿರ ಇವೆ ಎಂದು ನೋಡಿಟ್ಟುಕೊಳ್ಳಿ.

ಈಗ ಹೊರಗೋಡೆ. ನಿಮ್ಮ ಮನೆಯಲ್ಲಿ ಹೆಚ್ಚು ಕೆಲಸ ಬೇಡುವುದು ಇದೇ.

ಬೂದು ಬಣ್ಣ ರೋಗವಲ್ಲ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥವನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಉಳಿದ ನಾರು ಬೆಳ್ಳಗೆ ಕಾಣುತ್ತದೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಬೂಸ್ಟು ಕೂರುತ್ತದೆ. ಇಷ್ಟೆಲ್ಲ ನಡೆಯುವುದು ಮೇಲಿನ ತೆಳು ಪದರದಲ್ಲಿ. ಅಮೆರಿಕದ ಅರಣ್ಯೋತ್ಪನ್ನ ಪ್ರಯೋಗಾಲಯದವರ ಲೆಕ್ಕದಂತೆ ಬಿಸಿಲು-ಮಳೆಗೆ ಬರಿದೇ ಬಿಟ್ಟ ಇಂಥ ಮರ ನೂರು ವರ್ಷಕ್ಕೆ ಸವೆಯುವುದು 6 ಮಿ.ಮೀ., ಮೃದುವಾದ ಕೆನಡಾ ಸೀಡರ್ ಆದರೆ 12 ಮಿ.ಮೀ. ಅಲ್ಲಿನ ಹವೆ ನಮ್ಮದಲ್ಲ, ನಮ್ಮಲ್ಲಿ ಸವೆತ ಇನ್ನೂ ಬೇಗ ಆಗಲಿ, ಆದರೂ ನಿಮ್ಮ ಹಲಗೆಗೆ ಬೂದು ಬಣ್ಣದಿಂದ ಸಾವಿಲ್ಲ. ಎಲ್ಲ ಕಡೆ ಒಂದೇ ಸಮ ಬೂದಾಗಿದ್ದರೆ ‘ಹಾಗೇ ಬಿಡಿ, ಚೆನ್ನಾಗಿಯೇ ಇದೆ’ ಎನ್ನುತ್ತಿದ್ದೆ. ನಿಮ್ಮ ಕಪ್ಪು ಗೆರೆಯ ಕಥೆ ಬೇರೆ.

ಕೆನಡಾ ಸೀಡರ್‌ನಲ್ಲಿ ನೀರಿನಲ್ಲಿ ಕರಗುವ ಬಣ್ಣದ ಸತ್ವ ಬಹಳ. ಅದು ಕಬ್ಬಿಣಕ್ಕೆ ತಾಗಿ, ಮೇಲೆ ನೀರು ಬಿತ್ತೆಂದರೆ ನೀಲಿ-ಕಪ್ಪು ಬಣ್ಣವಾಗುತ್ತದೆ. ಅಳಲೆಕಾಯಿ ನೀರಿಗೆ ತುಕ್ಕು ಬೆರೆಸಿ ಹಿಂದೆ ಮಸಿ ಮಾಡುತ್ತಿದ್ದ ಹಾಗೆಯೇ. ಅಂದರೆ ನಿಮ್ಮ ಹಲಗೆಗೆ ಹೊಡೆದಿರುವುದು ಸಾದಾ ಕಬ್ಬಿಣದ ಮೊಳೆ, ಇಲ್ಲವೇ ತೆಳುವಾಗಿ ಸತು ಲೇಪಿಸಿದ ಅಗ್ಗದ ಸ್ಕ್ರೂ. ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಕಚ್ಚಿಕೊಂಡರೆ ಅದು ತುಕ್ಕು ಹಿಡಿಯದ 304 ದರ್ಜೆಯ ಸ್ಟೇನ್‌ಲೆಸ್ ಅಲ್ಲ. ಮೊಳೆ ಹಾಗೇ ಇರಲು ಬಿಟ್ಟು ಮೇಲೆ ಎಷ್ಟು ಉಜ್ಜಿದರೂ ಮುಂದಿನ ಮುಂಗಾರಿಗೆ ಗೆರೆ ಮತ್ತೆ ಇಳಿಯುತ್ತದೆ. ಬಡಗಿಯನ್ನು ಕರೆಸಿ ಒಂದೊಂದೇ ಮೊಳೆ ಕೀಳಿಸಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ಹಲಗೆ ಮೃದು, ತುದಿಯಲ್ಲಿ ಸೀಳುತ್ತದೆ. ಅದಕ್ಕೇ ಮೊದಲು ಸಣ್ಣ ಡ್ರಿಲ್ ಬಿಟ್ಟು ತೂತು ಮಾಡಿ ಆಮೇಲೆ ಸ್ಕ್ರೂ ತಿರುಗಿಸಬೇಕು. ‘ಏನಾಗಲ್ಲ ಬಿಡಿ ಅಮ್ಮಾ’ ಎಂದು ನೇರವಾಗಿ ಹೊಡೆಯಲು ಹೋದರೆ ತಡೆಯಿರಿ.

ಮೊಳೆ ಬಿಚ್ಚಿದಾಗ ಒಂದು ಹಲಗೆಯನ್ನು ಪೂರ್ತಿ ತೆಗೆಸಿ ಹಿಂದೆ ನೋಡಿ. ನೇರ ಗಿಲಾವಿಗೆ ಅಂಟಿಸಿದಂತೆ ಹೊಡೆದಿದ್ದಾರೋ, ನಡುವೆ ರೀಪರ್ (ಮರದ ಪಟ್ಟಿ) ಕೊಟ್ಟು ಗಾಳಿ ಆಡುವಂತೆ ಬಿಟ್ಟಿದ್ದಾರೋ? ಹಿಂದೆ ಕನಿಷ್ಠ 20 ಮಿ.ಮೀ. ಸಂದು, ಮೇಲೆ ಕೆಳಗೆ ಗಾಳಿಗೆ ದಾರಿ ಇರಬೇಕು. ಇಲ್ಲದಿದ್ದರೆ ಮುಂದೆ ಮುಖ ಕಾಯುತ್ತದೆ, ಹಿಂದೆ ಬೆನ್ನು ತೇವದಲ್ಲೇ ಇರುತ್ತದೆ, ಹಲಗೆ ಬಟ್ಟಲಿನಂತೆ ಬಾಗುತ್ತದೆ. ಸಂದಿಲ್ಲವೆಂದು ಕಂಡರೆ ಮೊಳೆ ಬದಲಿಸುವ ಖರ್ಚಿನ ಜೊತೆಗೇ ರೀಪರ್ ಕೂಡ ಹಾಕಿಸಿಬಿಡಿ, ಎರಡು ಸಲ ಕೂಲಿ ಬೀಳುವುದು ತಪ್ಪುತ್ತದೆ. ಕೊನೆಯ ಹಲಗೆ ನೆಲದಿಂದ ಆರಿಂಚಾದರೂ ಮೇಲಿರಲಿ. ಅದರ ಬುಡದಲ್ಲೇ ದಾಸವಾಳದ ಕುಂಡ ಇಟ್ಟು ದಿನಾ ನೀರು ಹಾಕುತ್ತಿದ್ದರೆ ಕುಂಡ ಅತ್ತ ಸರಿಸಿ. ದಾವಣಗೆರೆಯ ಹೊಸ ಬಡಾವಣೆಗಳು ಎಷ್ಟೋ ಕಡೆ ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ಎದ್ದಂಥವು. ಗೆದ್ದಲಿಗೆ ಅಲ್ಲಿ ನೆಲದಡಿಯ ತೇವ ಸಾಕಷ್ಟು. ಅದು ಮೇಲಕ್ಕೆ ಬರುವುದು ಮಣ್ಣಿನ ಸುರಂಗ ಕಟ್ಟಿಕೊಂಡು. ಹಲಗೆಯ ಕೆಳಗೆ ಆರಿಂಚು ಗೋಡೆ ಬರಿದಾಗಿ ಕಾಣುತ್ತಿದ್ದರೆ ಸುರಂಗ ಕಣ್ಣಿಗೆ ಬೀಳುತ್ತದೆ. ಬಿದ್ದರೆ ಬರೀ ಕೆರೆದು ಹಾಕಬೇಡಿ, ಮಣ್ಣಿಗೆ ಔಷಧಿ ಹಾಕುವವರನ್ನು ಕರೆಸಿ.

ಕಪ್ಪು ಕಲೆ ತೆಗೆಯುವುದು ಹೇಗೆ? ಮೊದಲು ಅದು ಯಾವ ಕಪ್ಪು ಎಂದು ತಿಳಿಯಬೇಕು. ಬಟ್ಟೆಗೆ ಹಾಕುವ ಬ್ಲೀಚ್ ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಬೆಳ್ಳಗಾದರೆ ಬೂಸ್ಟು, ಬಣ್ಣ ಬಿಡದಿದ್ದರೆ ಕಬ್ಬಿಣದ ಕಲೆ. ಪರೀಕ್ಷೆ ಮಾಡಿದ ಜಾಗವನ್ನು ನೀರಿನಿಂದ ಚೆನ್ನಾಗಿ ತೊಳೆದುಬಿಡಿ. ಬೂಸ್ಟಿಗೆ ಸಾಬೂನು ಪುಡಿಯ ನೀರು, ಮೆತ್ತಗಿನ ಬ್ರಷ್ ಸಾಕು, ನಾರಿನ ಗುಂಟ ಉಜ್ಜಬೇಕು, ಅಡ್ಡಡ್ಡ ಅಲ್ಲ. ಕಾರ್ ತೊಳೆಯುವ ಪ್ರೆಶರ್ ಪಂಪು ಬೇಡ. ಈ ಮೃದು ಮರದಲ್ಲಿ ನಾರು ಕಿತ್ತು ಬರುತ್ತದೆ.

ಕಬ್ಬಿಣದ ಕಲೆಗೆ ಆಕ್ಸಾಲಿಕ್ ಆಸಿಡ್. ಕೆಮಿಕಲ್ ಅಂಗಡಿಯಲ್ಲಿ ಸಕ್ಕರೆಯಂಥ ಹರಳಿನ ರೂಪದಲ್ಲಿ ಸಿಗುತ್ತದೆ. ಅದೇ ಅಪಾಯ ಕೂಡ: ವಿಷ, ಅಡುಗೆಮನೆಯ ಹತ್ತಿರ ತರಬೇಡಿ, ಮೊಮ್ಮಕ್ಕಳ ಕೈಗೆ ಸಿಗದಿರಲಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಬಿಸಿನೀರಿಗೆ 30ರಿಂದ 50 ಗ್ರಾಂ ಕರಗಿಸಿ, ರಬ್ಬರ್ ಕೈಗವಸು, ಕನ್ನಡಕ ಹಾಕಿಕೊಂಡು, ಕಲೆಗೆ ಮಾತ್ರವಲ್ಲ ಹಲಗೆಯ ಉದ್ದಕ್ಕೂ ಬ್ರಷ್‌ನಿಂದ ಹಚ್ಚಿ. ಕಲೆಗೆ ಮಾತ್ರ ಹಚ್ಚಿದರೆ ಅಲ್ಲಿ ಬೆಳ್ಳಗಿನ ತೇಪೆ ಉಳಿಯುತ್ತದೆ. ಕಲೆ ಮಾಯವಾದ ಮೇಲೆ ಎರಡು ಮೂರು ಸಲ ನೀರು ಹಾಕಿ ತೊಳೆಯಿರಿ. ಆಗ ಬೋರ್‌ವೆಲ್ ನೀರು ಬಳಸಬೇಡಿ. ನಮ್ಮ ಕಡೆಯ ಬೋರ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಈ ಆಸಿಡ್ ಜೊತೆ ಸೇರಿ ನೀರಿನಲ್ಲಿ ಕರಗದ ಬಿಳಿ ಪುಡಿಯಾಗಿ ಹಲಗೆಯ ಮೇಲೆ ಕೂರುತ್ತದೆ. ಕಾರ್ಪೊರೇಷನ್ನಿನ ನಲ್ಲಿಯಲ್ಲಿ ನೀರು ಬಂದ ದಿನ ಈ ಕೆಲಸ ಇಟ್ಟುಕೊಳ್ಳಿ. ಮತ್ತೆ ಒಂದು ಎಚ್ಚರಿಕೆ, ಕೆಲಸದವರಿಗೆ ಬಾಯಿಬಿಟ್ಟು ಹೇಳಿ: ಬ್ಲೀಚನ್ನೂ ಆಕ್ಸಾಲಿಕ್ ಆಸಿಡ್ಡನ್ನೂ ಒಂದೇ ಬಕೆಟ್ಟಿನಲ್ಲಿ ಬೆರೆಸಬಾರದು, ಒಂದರ ಮೇಲೊಂದು ಹಚ್ಚಲೂಬಾರದು. ಕ್ಲೋರಿನ್ ಅನಿಲ ಏಳುತ್ತದೆ.

ಕೆಳಗಿನ ಬಿಳಿ ಗೋಡೆಯ ಕಂದು ಕಲೆ ಅದೇ ಮರದ ಸತ್ವ ಮಳೆನೀರಿನಲ್ಲಿ ಕರಗಿ ಇಳಿದದ್ದು. ಮೊದಲ ಎರಡು ಮೂರು ಮಳೆಗಾಲ ಜಾಸ್ತಿ, ಆಮೇಲೆ ತಾನೇ ಕಡಿಮೆಯಾಗುತ್ತದೆ. ಮೇಲಿಂದ ಮೇಲೆ ಡಿಸ್ಟೆಂಪರ್ ಬಳಿದರೆ ಕಲೆ ಅದರೊಳಗಿಂದಲೂ ಮೂಡಿ ಬರುತ್ತದೆ. ತೊಳೆದು, ಆಯಿಲ್ ಪ್ರೈಮರ್ ಒಂದು ಕೈ ಕೊಟ್ಟು, ನಂತರ ಬಣ್ಣ ಹಚ್ಚಿಸಿ. ಹಲಗೆ ಮುಗಿಯುವ ಕಡೆ ನೀರು ಗೋಡೆಗೆ ಹರಿಯದೆ ಆಚೆ ತೊಟ್ಟಿಕ್ಕುವಂತೆ ಅಲ್ಯೂಮಿನಿಯಂ ಪಟ್ಟಿ ಕೊಡಿಸಿದರೆ ಇನ್ನೂ ಒಳ್ಳೆಯದು.

ಇನ್ನು ಪಿ.ಯು. ಯಾಕೆ ಬೇಡ ಅಂದೆ? ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಗಾಳಿಯ ತೇವಾಂಶ ಶೇ 30ಕ್ಕೂ ಕೆಳಗಿಳಿಯುತ್ತದೆ, ಜಡಿಮಳೆಯ ದಿನಗಳಲ್ಲಿ ಶೇ 80 ದಾಟುತ್ತದೆ. ಶೇ 30ರ ಗಾಳಿಯಲ್ಲಿ ಬಹುಕಾಲ ಇದ್ದ ಮರದಲ್ಲಿ ಅದರ ತೂಕದ ಶೇ 6ರಷ್ಟು ನೀರು ಉಳಿದರೆ, ಶೇ 80ರಲ್ಲಿ 15-16ರಷ್ಟು. ಈ ಏರಿಳಿತಕ್ಕೆ ಆರಿಂಚು ಅಗಲದ ಹಲಗೆ ಎರಡು ಮಿ.ಮೀ.ವರೆಗೆ ಹಿಗ್ಗಿ ಕುಗ್ಗುತ್ತದೆ. ಮೇಲಿನ ಗಟ್ಟಿ ಪೊರೆಗೆ ಅಷ್ಟು ಹಿಗ್ಗಲು ಬರುವುದಿಲ್ಲ, ಅಂಚಿನಲ್ಲಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲ. ಸಾಲದ್ದಕ್ಕೆ ಪಾರದರ್ಶಕ ಪೊರೆಯ ಮೂಲಕ ಬಿಸಿಲು ಒಳಗೆ ಹೋಗಿ ಪೊರೆಯ ಅಡಿಯ ಮರವನ್ನೇ ಸಡಿಲಿಸುತ್ತದೆ. ಪಶ್ಚಿಮದ ಗೋಡೆಯಲ್ಲಿ ಒಂದೆರಡು ವರ್ಷಕ್ಕೆ ಪೊರೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬರುತ್ತದೆ, ಆಗ ಅದನ್ನು ಪೂರ್ತಿ ಕೆರೆದು ತೆಗೆಯದೆ ಮತ್ತೊಂದು ಕೈ ಕೊಡುವಂತಿಲ್ಲ. ಪೇಂಟರ್‌ಗೆ ಅದೂ ಒಂದು ಕೆಲಸವೇ.

ಬದಲಿಗೆ ಮರದೊಳಗೆ ಇಳಿಯುವ, ಬಣ್ಣದ ಕಣ ಬೆರೆತ ಹೊರಾಂಗಣದ ವುಡ್ ಆಯಿಲ್ ಹಚ್ಚಿಸಿ. ಆ ಕಣವೇ ಬಿಸಿಲನ್ನು ತಡೆಯುವುದು, ಆದ್ದರಿಂದ ನೀರಿನಂತೆ ತಿಳಿಯಾದದ್ದು ಬೇಡ, ಕಂದು ಛಾಯೆಯದ್ದು ಇರಲಿ. ಬರೀ ಅಗಸೆ ಎಣ್ಣೆ ಸಾಲದು. ಒಳಗಿನ ಮರಕ್ಕೆ ಅದು ಚೆನ್ನ, ಹೊರಗೆ ಹಚ್ಚಿದರೆ ಬೂಸ್ಟು ಅದನ್ನೇ ಉಂಡು ಬೆಳೆಯುತ್ತದೆ, ಗೋಡೆ ಕರ್ರಗಾಗುತ್ತದೆ. ಕಾಲ ನೋಡಿ ಹಚ್ಚಬೇಕು. ಸ್ವಾತಿ ಮಳೆ ಮುಗಿದ ಮೇಲೆ, ಅಂದರೆ ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಒಳ್ಳೆಯ ಸಮಯ. ಏಪ್ರಿಲ್-ಮೇ ಬಿಸಿಲಿನಲ್ಲಿ ಎಣ್ಣೆ ಒಳಗಿಳಿಯುವ ಮೊದಲೇ ಮೇಲೆ ಒಣಗುತ್ತದೆ. ನಿಮ್ಮದು ಪಶ್ಚಿಮದ ಗೋಡೆಯಾದ್ದರಿಂದ ಬೆಳಗಿನ ಹೊತ್ತು ಹಚ್ಚಿ ಮುಗಿಸಿ. ಸುತ್ತ ಎಲ್ಲಾದರೂ ಮೆಕ್ಕೆಜೋಳದ ಒಕ್ಕಣೆ ನಡೆಯುತ್ತಿದ್ದರೆ ಎರಡು ದಿನ ತಡೆಯಿರಿ, ಆ ದೂಳು ಹಸಿ ಎಣ್ಣೆಯ ಮೇಲೆ ಕೂತರೆ ತೆಗೆಯಲಾಗುವುದಿಲ್ಲ. ತೆಳುವಾಗಿ ಹಚ್ಚಿ, ಹದಿನೈದಿಪ್ಪತ್ತು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹಲಗೆಯ ಕೊಯ್ದ ತುದಿಗಳಿಗೆ ಮಾತ್ರ ಕುಡಿಯುವಷ್ಟು ಕುಡಿಸಿ, ನೀರು ಒಳನುಗ್ಗುವುದು ಅಲ್ಲಿಂದಲೇ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಇರುವ ಯಾವುದೇ ಪದಾರ್ಥ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆಯಲ್ಲಿ ಆ ಶಾಖ ಕೂಡಿ ತಾನೇ ಬೆಂಕಿ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರುವುದು ಬೇಕಿಲ್ಲ. ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ಹರವಿ ಹಾಕಿ.

ಎಷ್ಟು ವರ್ಷಕ್ಕೊಮ್ಮೆ ಎಂದು ಕ್ಯಾಲೆಂಡರ್ ನೋಡಬೇಕಿಲ್ಲ. ದೀಪಾವಳಿ ಹೊತ್ತಿಗೆ ಹಲಗೆಗೆ ಒಂದು ಬೊಗಸೆ ನೀರು ಚಿಮುಕಿಸಿ ನೋಡಿ. ಹನಿ ಹನಿಯಾಗಿ ಜಾರಿದರೆ ಇನ್ನೊಂದು ವರ್ಷ ಚಿಂತೆಯಿಲ್ಲ. ಹೀರಿಕೊಂಡು ಕಪ್ಪಾದರೆ ಮತ್ತೊಂದು ಕೈ ಕೊಡುವ ಹೊತ್ತು. ನಮ್ಮ ಪಡುಬಿಸಿಲಿಗೆ ಎರಡು ವರ್ಷಕ್ಕೊಮ್ಮೆ ಬೇಕಾಗಬಹುದು.

ನನ್ನನ್ನು ಕೇಳಿದರೆ ಎಣ್ಣೆಗಿಂತ ಮೊದಲು ಆ ಗೋಡೆಯ ಮೇಲೆ ಎರಡು ಅಡಿ ಸಜ್ಜಾ ಹಾಕಿಸಿ. ಮನಾಲಿಯ ಹಿಡಿಂಬಾ ದೇವಸ್ಥಾನ 1553ರದ್ದು, ದೇವದಾರಿನದೇ. ಜನ ಅದನ್ನು ತೋರಿಸಿ ‘ನೋಡಿ, ಮರ ಎಷ್ಟು ಗಟ್ಟಿ’ ಎನ್ನುತ್ತಾರೆ. ಮರ ಗಟ್ಟಿಯೇ, ಆದರೆ ಅದರ ಚಾವಣಿಯನ್ನೂ ನೋಡಬೇಕು, ಒಂದರ ಮೇಲೊಂದು ಗೋಡೆಯಾಚೆ ಎಷ್ಟು ದೂರ ಚಾಚಿವೆ! ನಮ್ಮ ಹಳೆ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲೂ ಕಂಬ, ತೊಲೆ, ಬಾಗಿಲು ಎಲ್ಲ ಪಡಸಾಲೆಯ ಸೂರಿನಡಿ ನೆರಳಲ್ಲಿ ಇರುತ್ತಿದ್ದವು. ಮರವನ್ನು ಸೂರಿಲ್ಲದೆ ಬಯಲಿಗೆ ನೇತುಹಾಕುವುದು ಈಚಿನ ಎಲಿವೇಶನ್‌ಗಳ ಕಾರುಬಾರು. ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗಾಳಿಗೆ ಎದುರಾದ ಮನೆಗಳಲ್ಲಂತೂ ಮಳೆ ಅಡ್ಡಡ್ಡ ಹೊಡೆಯುತ್ತದೆ. ಅಲ್ಲಿಯವರಿಗೆ ನಾನು ಹೊರಗೋಡೆಗೆ ಮರವನ್ನೇ ಹೇಳುವುದಿಲ್ಲ.

ಬಾಗಿಲಿಗೆ ಬರೋಣ. ಅದು ಪೋರ್ಟಿಕೋ ನೆರಳಲ್ಲಿರುವುದರಿಂದ ಅಲ್ಲಿ ಪಾಲಿಶ್, ಬೇಕೆಂದರೆ ಪಿ.ಯು. ಕೂಡ, ತಾಳುತ್ತದೆ. ಮಳೆಗಾಲದಲ್ಲಿ ಹಿಡಿದ ಕೂಡಲೇ ಬಡಗಿಯನ್ನು ಕರೆದು ಹತ್ತರಿ ಹೊಡೆಸಬೇಡಿ. ಆಷಾಢದಲ್ಲಿ ಹೊಡೆಸಿದ ಬಾಗಿಲಿನ ಸಂದಿನಲ್ಲಿ ಯುಗಾದಿಗೆ ಹಲ್ಲಿ ನುಗ್ಗುತ್ತದೆ. ಮೊದಲು ಮೇಲಿನ ಕೀಲಿನ ಸ್ಕ್ರೂ ಸಡಿಲವಾಗಿದೆಯೇ ನೋಡಿ, ಎಷ್ಟೋ ಸಲ ಬಾಗಿಲು ಹಿಗ್ಗಿರುವುದಿಲ್ಲ, ಜೋತುಬಿದ್ದಿರುತ್ತದೆ. ಅದು ಸರಿಯಿದ್ದರೆ, ಉಜ್ಜುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಈ ಮಳೆಗಾಲ ಮೇಣದಬತ್ತಿ ಸವರಿ ದಿನ ದೂಡಿ. ಚಳಿಗಾಲದಲ್ಲಿ ಬಾಗಿಲು ಇಳಿಸಿ, ಗುರುತಿನಷ್ಟು ಮಾತ್ರ ಸವರಿಸಿ, ಅದೇ ದಿನ ಮೇಲಿನ ಮತ್ತು ಕೆಳಗಿನ ಅಂಚಿಗೆ ಪಾಲಿಶ್ ಹಚ್ಚಿಸಿ. ಆ ಎರಡು ಅಂಚು ನಿಂತವರ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಹತ್ತರಲ್ಲಿ ಒಂಬತ್ತು ಬಾಗಿಲಿಗೆ ಅಲ್ಲಿ ಏನೂ ಹಚ್ಚಿರುವುದಿಲ್ಲ. ಒಂದು ಚಿಕ್ಕ ಕನ್ನಡಿಯನ್ನು ಬಾಗಿಲಿನ ಕೆಳಗೆ ತೂರಿಸಿ ನೋಡಿ, ಬರೀ ಮರ ಕಾಣುತ್ತದೆ. ನಾರಿನ ಬಾಯಿ ಅಲ್ಲಿ ತೆರೆದುಕೊಂಡಿರುವುದರಿಂದ ತೇವ ಒಳಹೋಗುವುದು ಅಲ್ಲಿಂದ.

ಗಂಟಿನ ಅಂಟು ದೇವದಾರಿನ ಹುಟ್ಟುಗುಣ. ಭಟ್ಟಿಯಲ್ಲಿ ಸುಮಾರು 70 ಡಿಗ್ರಿ ದಾಟಿಸಿ ಒಣಗಿಸಿದ್ದರೆ ರಾಳ ಬಹುಮಟ್ಟಿಗೆ ಒಳಗೇ ಗಟ್ಟಿಯಾಗುತ್ತದೆ. ಬರೀ ಗಾಳಿಗೆ ಒಣಗಿಸಿದ ಮರ ಬೇಸಿಗೆ ಬಂದಾಗಲೆಲ್ಲ ಜಿನುಗುತ್ತದೆ. ಜಿನುಗಿದ್ದು ಗಟ್ಟಿಯಾಗಲು ಬಿಟ್ಟು, ಮೊಂಡು ಚಾಕುವಿನಿಂದ ಎಬ್ಬಿಸಿ, ಉಳಿದದ್ದನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ. ಆಮೇಲೆ ಗಂಟಿನ ಮೇಲೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು ಎರಡು ಕೈ ಹಚ್ಚಿ ಮೇಲೆ ಪಾಲಿಶ್ ಕೊಡಿಸಿ. ಅರಗು ರಾಳವನ್ನು ತಡೆಯುವಷ್ಟು ಬೇರೆ ವಾರ್ನಿಷ್ ತಡೆಯುವುದಿಲ್ಲ. ಒಂದೆರಡು ಬೇಸಿಗೆ ಮತ್ತೆ ಸ್ವಲ್ಪ ಬಂದರೂ ಗಾಬರಿ ಬೇಡ.

ಹೊಸ್ತಿಲು ಕೂಡ ದೇವದಾರಿನದೇ ಆಗಿದ್ದರೆ ಒಂದು ಮಾತು. ದಿನಾ ಬೆಳಿಗ್ಗೆ ತೊಳೆದು ಅರಿಶಿನ ಕುಂಕುಮ ಹಚ್ಚುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಚೊಂಬಿನಿಂದ ನೀರು ಸುರಿಯುವ ಬದಲು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಂದೆಯೇ ಒಣ ಬಟ್ಟೆ ಆಡಿಸಿ. ನೀರು ನಿಲ್ಲುವುದು ಹೊಸ್ತಿಲೂ ಚೌಕಟ್ಟಿನ ಕಾಲೂ ಸೇರುವ ಮೂಲೆಯಲ್ಲಿ, ಕೊಳೆಯಲು ಶುರುವಾಗುವುದೂ ಅಲ್ಲೇ. ದಬ್ಬಳ ಚುಚ್ಚಿ ನೋಡಿ, ಸಲೀಸಾಗಿ ಒಳಗೆ ಹೋದರೆ ಮೆತ್ತಗಾಗಿದೆ ಎಂದರ್ಥ. ಹಿತ್ತಾಳೆ ತಗಡು ಹೊಡೆಸುವುದಿದ್ದರೆ ಹಿತ್ತಾಳೆಯ ಮೊಳೆಯನ್ನೇ ಬಳಸಿ, ಅಂಚಿನಲ್ಲಿ ಸಿಲಿಕಾನ್ ಹಾಕಿ ಮುಚ್ಚಿಸಿ. ಇಲ್ಲದಿದ್ದರೆ ಮೇಲೆ ಫಳಫಳ, ಕೆಳಗೆ ತೇವ ನಿಂತು ಮರ ಹಿಟ್ಟಾಗುತ್ತದೆ.

ಪೆಟ್ಟಿಗೆಗೆ ಆದ ತೊಂದರೆ ಒಳಗಿನ ವಾರ್ನಿಷ್‌ನಿಂದ. ದೇವದಾರಿನ ಎಣ್ಣೆ ನಿಧಾನವಾಗಿ ಆವಿಯಾಗುತ್ತಲೇ ಇರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ವಾರ್ನಿಷನ್ನು ಮೆತ್ತಗೆ ಮಾಡುತ್ತದೆ, ಅದೇ ನಿಮ್ಮ ಅಂಟು. ಮೇಲಿಂದ ವಾರ್ನಿಷ್ ಪದರ ಪರಿಮಳವನ್ನೂ ತಡೆದಿದೆ. ಪೇಂಟ್ ರಿಮೂವರ್ ಹಚ್ಚಿ ಒಳಭಾಗದ ವಾರ್ನಿಷ್ ಪೂರ್ತಿ ತೆಗೆಸಿ, ಬಿಸಿಲಿಲ್ಲದ ಕಡೆ ಬಾಯಿ ತೆರೆದಿಟ್ಟು ಒಂದು ವಾರ ಗಾಳಿಗೆ ಬಿಡಿ. ನಂತರ 220ರ ಉಪ್ಪುಕಾಗದದಿಂದ ನಾರಿನ ಗುಂಟ ಹಗುರವಾಗಿ ಉಜ್ಜಿದರೆ ಒಳಗಿನ ಹೊಸ ಮರ ತೆರೆದು ಪರಿಮಳ ಮರಳುತ್ತದೆ. ಉಜ್ಜುವಾಗ ಮೂಗು-ಬಾಯಿಗೆ ಮಾಸ್ಕ್ ಇರಲಿ. ಕೆನಡಾ ಸೀಡರ್‌ನ ದೂಳಂತೂ ಅದರಲ್ಲೇ ದಿನಾ ಕೆಲಸ ಮಾಡುವವರಿಗೆ ಆಸ್ತಮಾ ತರುವಂಥದ್ದು. ದೂಳೆಲ್ಲ ಒರೆಸಿದ ಮೇಲೆ ಒಳಗೆ ಏನನ್ನೂ ಹಚ್ಚಬೇಡಿ. ಹೊರಗಿನ ವಾರ್ನಿಷ್ ಹಾಗೇ ಇರಲಿ.

ದೇವದಾರು ಪೆಟ್ಟಿಗೆ ಇದ್ದರೆ ನುಸಿ ಬರುವುದಿಲ್ಲ ಎಂದು ನಂಬಿ ಕೂರಬೇಡಿ. ಸೀಡರ್ ಎಣ್ಣೆಯ ಆವಿ ಆಗತಾನೇ ಮೊಟ್ಟೆಯೊಡೆದ ನುಸಿಮರಿಗೆ ಮಾರಕ, ಮೊಟ್ಟೆಗೂ ಬಲಿತ ಹುಳಕ್ಕೂ ಅದು ಲೆಕ್ಕಕ್ಕಿಲ್ಲ. ಮೊದಲೇ ಮೊಟ್ಟೆಯಿದ್ದ ಕಂಬಳಿಯನ್ನು ಒಳಗಿಟ್ಟರೆ ಸೀರೆಗೂ ಕುತ್ತು, ಏಕೆಂದರೆ ಉಣ್ಣೆಯಂತೆ ರೇಷ್ಮೆಯೂ ಆ ಹುಳಕ್ಕೆ ಆಹಾರವೇ. ಕಂಬಳಿಯನ್ನು ಕಡು ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಮಡಿಕೆಗಳನ್ನು ತಿಕ್ಕಿ, ಆರಿದ ಮೇಲೆ ಬೇರೆ ಬಟ್ಟೆಯಲ್ಲಿ ಸುತ್ತಿಡಿ. ಸಾಧ್ಯವಾದರೆ ಬೇರೆ ಪೆಟ್ಟಿಗೆಯಲ್ಲೇ ಇಡಿ. ರೇಷ್ಮೆಗೆ ಮಾತ್ರ ಬಿಸಿಲು ಬೇಡ, ನೆರಳಿನ ಗಾಳಿ ಸಾಕು. ಇದೇ ಪೆಟ್ಟಿಗೆಯಲ್ಲಿ ನುಸಿ ಗುಳಿಗೆ ಹಾಕಬೇಡಿ, ಎರಡು ವಾಸನೆ ಸೇರಿ ಸೀರೆ ಉಡಲಾಗದಂತಾಗುತ್ತದೆ.

ಸೀರೆಯ ಹಳದಿ ಕಲೆ ಮರದ ಎಣ್ಣೆ ನೇರವಾಗಿ ತಾಗಿದ್ದರಿಂದ ಬಂದದ್ದಿರಬೇಕು. ಮುಂದೆ ಪ್ರತಿ ಸೀರೆಯನ್ನೂ ಒಗೆದ ಹಳೆ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ, ಪೆಟ್ಟಿಗೆಯ ತಳಕ್ಕೂ ಎರಡು ಮಡಿಕೆ ಹಾಸಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಕಲೆ ಬಿದ್ದದ್ದನ್ನು ಮನೆಯಲ್ಲಿ ನೀರು, ಶಾಂಪೂ, ನಿಂಬೆಹಣ್ಣು ಎಂದು ಪ್ರಯೋಗ ಮಾಡಬೇಡಿ, ಇಸ್ತ್ರಿ ಸಹ ಮುಟ್ಟಿಸಬೇಡಿ, ಕಾವಿಗೆ ಕಲೆ ಕಚ್ಚಿಕೊಳ್ಳುತ್ತದೆ. ಡ್ರೈಕ್ಲೀನಿಂಗ್ ಅಂಗಡಿಗೆ ಕೊಟ್ಟಾಗ ಇದು ಮರದ ಎಣ್ಣೆಯ ಕಲೆ ಎಂದು ಮೊದಲೇ ಹೇಳಿ, ಜರಿಯ ಮೇಲೆ ಬ್ರಷ್ ಹಾಕದಂತೆ ಚೀಟಿಯಲ್ಲಿ ಬರೆಸಿಕೊಡಿ.